ಉಣ್ಣೆ

ಸಾರೆಮಾ ದ್ವೀಪದಲ್ಲಿ ಜೂನ್ ತಿಂಗಳಿಗೆ ರಾತ್ರಿಯೆಂಬುದಿಲ್ಲ.
ಹನ್ನೊಂದು ಗಂಟೆಗೂ ಕಿಟಕಿಯಲ್ಲಿ ಮಜ್ಜಿಗೆಯಂಥ ಬೆಳಕು.
ಕುರಿಗಳ ಉಣ್ಣೆ ಕತ್ತರಿಸಿ ಬಂದಿದ್ದೆ,
ಇಪ್ಪತ್ತೆರಡು ಕುರಿ, ಒಂದು ಹಟಮಾರಿ ಟಗರು.
ಅವಕ್ಕೆ ಮೈತುಂಬ ಉಣ್ಣೆ.
ನನಗೆ ಒಂದೇ ಒಂದು.

ಜಾಗ್ರತೆಯೇನೂ ಕಡಿಮೆಯಿರಲಿಲ್ಲ.
ಬಿಳಿ ಪ್ಯಾಂಟು, ಅದರ ಅಂಚು ಕಾಲುಚೀಲದೊಳಗೆ,
ನೋಡಿದವರು ನಗುವ ಹಾಗೆ.
ಕಣಕಾಲಿಗೆ ಘಾಟು ವಾಸನೆಯ ಔಷಧಿ.
ಆದರೆ ಟಗರು ಕಲ್ಲುಬೇಲಿ ಹಾರಿತು,
ಅದರ ಹಿಂದೆ ಜುನಿಪರ್ ಪೊದೆಗಳಲ್ಲಿ ನುಸುಳಿದೆ,
ಅಂಗಿ ಸೊಂಟದಿಂದ ಮೇಲೆದ್ದಿತ್ತು.
ಮರದಿಂದ ಉದುರುತ್ತದೆ ಎನ್ನುತ್ತಾರೆ, ಸುಳ್ಳು.
ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ನಿಂತಿರುತ್ತದೆ,
ಎತ್ತಿಕೋ ಎನ್ನುವ ಕೂಸಿನ ಹಾಗೆ.
ನಾವೇ ಎತ್ತಿಕೊಳ್ಳುತ್ತೇವೆ.

ಬಟ್ಟೆಯನ್ನೆಲ್ಲ ಬಿಸಿಗಾಳಿಯ ಯಂತ್ರಕ್ಕೆ ಹಾಕಿ
ಸೌನಾದ ಬೆಂಚಿನ ಮೇಲೆ ಬೆನ್ನು ತಿರುಗಿಸಿ ಕೂತೆ.
ಮೂವತ್ತು ವರ್ಷದಿಂದ ಇದು ಎಂಡೆಲನ ಕೆಲಸ.
ಮೊದಲು ಲಾಟೀನು ಹಿಡಿದು ನೋಡುತ್ತಿದ್ದ.
ಎರಡು ವರ್ಷದಿಂದ ಕಣ್ಣಿಲ್ಲ,
ಈಗ ಬೆರಳಲ್ಲಿ ಓದುತ್ತಾನೆ:
"ಇದು ಮಚ್ಚೆ. ಇದು ಏಣಿಯಿಂದ ಬಿದ್ದ ಗಾಯ.
ಇದು ನಾವು ಜಗಳವಾಡಿದ ವರ್ಷ ಎದ್ದ ಗಂಟು."
ಮಂಡಿಯ ಹಿಂದೆ, ಕಂಕುಳಲ್ಲಿ, ಕಿವಿಯ ಸಂದಿಯಲ್ಲಿ,
ಕಳೆದ ಸೂಜಿ ಹುಡುಕುವಂತೆ.
ಎಡಪಕ್ಕೆಯ ಹಿಂದೆ ಬೆರಳು ನಿಂತಿತು.
"ಇದು ನಿನ್ನೆ ಇರಲಿಲ್ಲ."

ನನ್ನ ಬೆನ್ನು ನನಗೆ ಕಾಣದು, ಅವನಿಗೆ ಏನೂ ಕಾಣದು.
ಟವೆಲು ಸುತ್ತಿಕೊಂಡು ಪಕ್ಕದ ಮನೆಯ ಪಿರೆಟ್‌ಳನ್ನು ಕೂಗಿದೆ,
ಹನ್ನೆರಡು ವರ್ಷ, ಬೆಳಕಿರುವಾಗ ಮಲಗದ ಹುಡುಗಿ.
"ಇಶ್ಶಿ" ಅಂದಳು. ಆಮೇಲೆ ಹತ್ತಿರ ಬಂದಳು.
"ಎಳ್ಳಿನಷ್ಟಿದೆ. ಕಾಲು ಆಡಿಸುತ್ತಿದೆ."
ಅವಳಜ್ಜಿ ಹೇಳಿದ್ದಳಂತೆ: ಬೆಣ್ಣೆ ಸವರು, ಉಸಿರುಕಟ್ಟಿ ಬಿಡುತ್ತದೆ.
ಎಂಡೆಲ್ ಗೋಡೆಗೆ ಮುಖ ಮಾಡಿ ಹೇಳಿದ:
"ಬೆಣ್ಣೆ ಬ್ರೆಡ್ಡಿಗೆ ಇರಲಿ.
ಬೆಂಕಿಕಡ್ಡಿಯೂ ಬೇಡ, ಹೆದರಿಸಿದರೆ ಒಳಗೇ ಕಕ್ಕುತ್ತದೆ.
ಚೂಪು ಚಿಮಟ ತಗೋ. ಚರ್ಮಕ್ಕೆ ತಾಗುವಷ್ಟು ಹತ್ತಿರ,
ಹೊಟ್ಟೆ ಹಿಸುಕಬೇಡ, ತಲೆ ಹಿಡಿ.
ತಿರುಚಬೇಡ. ನೇರ. ನಿಧಾನ.
ಗಾಳದ ಮೀನಲ್ಲ ಅದು, ಜಗ್ಗಬೇಡ."
ಹುಡುಗಿಯ ಉಸಿರು ನಿಂತಿದ್ದು ಬೆನ್ನಿಗೆ ಗೊತ್ತಾಯಿತು.
ಚರ್ಮ ಗುಡಾರದಂತೆ ಎದ್ದು, ಬಿಟ್ಟಿತು.

ಸೋಪು, ನೀರು, ಉರಿಯುವ ಸ್ಪಿರಿಟ್ಟು.
ಗೋಡೆಯ ಕ್ಯಾಲೆಂಡರಿನಲ್ಲಿ ಪಿರೆಟ್ ಬರೆದಳು:
ಹದಿನಾಲ್ಕು, ಎಡಪಕ್ಕೆ.
ಮಿದುಳು ಜ್ವರಕ್ಕೆ ನಾವೆಲ್ಲ ಚುಚ್ಚಿಸಿಕೊಂಡಿದ್ದೇವೆ.
ಇನ್ನೊಂದಕ್ಕೆ ಇಲ್ಲಿ ಯಾರೂ ಚುಚ್ಚುವುದಿಲ್ಲ, ಕಾಯುವುದೊಂದೇ.

ಬೆರಳಿಗೂ ಕುರುಡಿದೆ ಎಂದು ಆಮೇಲೆ ತಿಳಿಯಿತು.
ಕೆಂಪಿಗೆ ಉಬ್ಬಿಲ್ಲ, ತಗ್ಗಿಲ್ಲ,
ನಯವಾದ ಚರ್ಮದ ಮೇಲೆ ಬರೀ ಬಣ್ಣ.
ದಿನಾ ಸಂಜೆ ಎಂಡೆಲ್ ಸವರಿ "ಏನಿಲ್ಲ" ಎನ್ನುವನು,
ದಿನಾ ಸಂಜೆ ಪಿರೆಟ್ ಅಂಗಿ ಎತ್ತಿ "ಏನಿಲ್ಲ" ಎನ್ನುವಳು.
ಹತ್ತನೆಯ ದಿನ ಅವನೊಬ್ಬನೇ "ಏನಿಲ್ಲ" ಅಂದ.
ಅವಳು ಪೆನ್ನು ಕೇಳಿದಳು.
ಕೆಂಪಿನ ಅಂಚಿಗೆ ಸುತ್ತ ಗೆರೆ ಎಳೆದಳು.
ಎರಡು ದಿನಕ್ಕೆ ಕೆಂಪು ಗೆರೆ ದಾಟಿತ್ತು,
ನಮ್ಮ ಟಗರಿನ ಹಾಗೆ.

ಕುರೆಸ್ಸಾರೆಯ ಡಾಕ್ಟರು ಗೆರೆ ನೋಡಿ
"ಇದನ್ನು ಎಳೆದವರು ಯಾರು?" ಎಂದರು,
ರಕ್ತ ಕೂಡ ತೆಗೆಯದೆ ಮಾತ್ರೆ ಬರೆದರು.
ಊಟದ ಜೊತೆ ನುಂಗಬೇಕು, ಬಿಸಿಲಿಗೆ ಹೋಗಬಾರದು.
ಜೂನಿನಲ್ಲಿ, ನಮ್ಮ ದ್ವೀಪದಲ್ಲಿ, ಬಿಸಿಲಿಗೆ ಹೋಗಬಾರದಂತೆ!

ನಾನು ನಕ್ಕೆ. ಎಂಡೆಲ್ ನಗಲಿಲ್ಲ.
ಚಹಾ ಆರುವಷ್ಟು ಹೊತ್ತು ಸುಮ್ಮನಿದ್ದು
"ನನ್ನ ಕೈಕೆಳಗೇ ಇತ್ತು" ಎಂದ.

ನಿನ್ನೆ ಪಿರೆಟ್ ಕಾಡು ಸ್ಟ್ರಾಬೆರಿ ಆಯ್ದು
ಪೊದೆಯೊಳಗಿಂದ ಬಂದಳು, ಬಾಯೆಲ್ಲ ಕೆಂಪು.
ಯಾರೂ ಕರೆಯದೆ ಮೆಟ್ಟಿಲ ಮೇಲೆ
ಅವನ ಮೊಣಕಾಲುಗಳ ನಡುವೆ ಕೂತು ಜಡೆ ಬಿಚ್ಚಿದಳು.
ಕೂದಲ ಬುಡದಲ್ಲಿ ಕಣ್ಣಿಗೇನು ಕೆಲಸ?
ಹತ್ತು ಬೆರಳೂ ಒಳಗಿಳಿದವು.

"ಕದಲಬೇಡ."
"ಏನು?"
"ಜುನಿಪರ್ ಮುಳ್ಳು. ಕದಲಬೇಡ."